ಬಿಸಿಲಲ್ಲಿ ಓಡುವ ವೈಪರ್, ತುಂತುರಿಗೆ ಕದಲದ ವೈಪರ್

ಪ್ರಶ್ನೆ: ಕೆಲವು ಆಧುನಿಕ ಎಲೆಕ್ಟ್ರಿಕ್ ಕಾರುಗಳಲ್ಲಿ ಒಣ ಗಾಜಿನ ಮೇಲೆ ವೈಪರ್ ತಾನಾಗಿ ಓಡುತ್ತದೆ, ತುಂತುರು ಮಳೆ ಬಂದಾಗ ಮಾತ್ರ ಸುಮ್ಮನಿರುತ್ತದೆ ಎಂದು ಕೇಳಿದ್ದೇನೆ. ತಾನೇ ಓಡಿಸಿಕೊಂಡು ಹೋಗುವ ಮಟ್ಟಕ್ಕೆ ಬಂದಿರುವ ಕಾರಿಗೆ ಮಳೆ ಗುರುತಿಸುವುದು ಅಷ್ಟು ಕಷ್ಟವೇ?

ಉತ್ತರ: ಇಂಥ ದೂರುಗಳಲ್ಲಿ ಹೆಚ್ಚಿನವು ಟೆಸ್ಲಾ ಕಾರುಗಳ ಬಗ್ಗೆ. ಅಲ್ಲಿ ಮೋಟಾರು, ರಬ್ಬರು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಎಡವುವುದು ಮಳೆ ಬಂತೋ ಇಲ್ಲವೋ ಎಂದು ತೀರ್ಮಾನಿಸುವ ವ್ಯವಸ್ಥೆ. ಕಾರು ಬ್ಯಾಟರಿಯಿಂದ ಓಡುವುದಕ್ಕೂ ಈ ತೊಂದರೆಗೂ ಸಂಬಂಧವಿಲ್ಲ.

ಬೇರೆ ಕಂಪನಿಗಳ ಆಟೋ ವೈಪರಿಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಹಿಂಬದಿ ನೋಡುವ ಕನ್ನಡಿಯ ಹತ್ತಿರ, ಗಾಜಿನ ಒಳಮೈಗೆ ಅದನ್ನು ಅಂಟಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸುಮಾರು 45 ಡಿಗ್ರಿ ಕೋನದಲ್ಲಿ ಗಾಜಿನೊಳಗೆ ಹಾಯಿಸುತ್ತದೆ. ಗಾಜಿನ ಹೊರಗೆ ಬರೀ ಗಾಳಿ ಇದ್ದರೆ, ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಬೆಳಕು ಹೊರಹೋಗಲಾರದೆ ಪೂರ್ತಿ ಹಿಂದಿರುಗುತ್ತದೆ. ಹೊರಮೈಯಲ್ಲಿ ನೀರಿನ ಹನಿ ಕುಳಿತರೆ ಆ ಮಿತಿ ಸುಮಾರು 62 ಡಿಗ್ರಿಗೆ ಏರುತ್ತದೆ. ಆಗ 45 ಡಿಗ್ರಿಯ ಬೆಳಕು ಹನಿಯ ಮೂಲಕ ಸೋರಿಹೋಗುತ್ತದೆ. ಹಿಂದಿರುಗುವ ಬೆಳಕು ಎಷ್ಟು ಕಡಿಮೆಯಾಯಿತೋ ಮಳೆ ಅಷ್ಟು ಜೋರು ಎಂದು ಲೆಕ್ಕ. ಶಾಲೆಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ ಇಲ್ಲಿ ಕೆಲಸಕ್ಕೆ ಬಂದಿದೆ.

ಟೆಸ್ಲಾ 2016ರ ಕೊನೆಯಿಂದ ಈ ಸೆನ್ಸರನ್ನು ಕೈಬಿಟ್ಟಿತು. ರಸ್ತೆ ನೋಡಲು ಹೇಗೂ ಕ್ಯಾಮೆರಾ ಇದೆ, ಮಳೆಯನ್ನೂ ಅದೇ ನೋಡಲಿ ಎಂಬುದು ಆ ಕಂಪನಿಯ ನಿಲುವು. ತೊಡಕು ಹುಟ್ಟಿದ್ದು ಇಲ್ಲಿಯೇ. ಆ ಕ್ಯಾಮೆರಾಗಳು ದೂರದ ವಾಹನ, ಗೆರೆ, ದೀಪಗಳನ್ನು ನೋಡಲು ಹೊಂದಿಸಿದವು. ಕನ್ನಡಕದ ಮೇಲೆ ಹನಿ ಬಿದ್ದಾಗ ದೂರದ ಬೆಟ್ಟ ನೋಡುತ್ತಿರುವವರಿಗೆ ಹನಿಯ ಬದಲು ಒಂದು ಮಸುಕು ಮಾತ್ರ ಕಾಣುವಂತೆ, ಕ್ಯಾಮೆರಾಕ್ಕೂ ತೀರಾ ಹತ್ತಿರದ ಹನಿ ಸ್ಪಷ್ಟವಾಗಿ ಕಾಣದು. ಆ ಮಸುಕು ಮಳೆಯದೋ, ದೂಳಿನದೋ, ಅಪ್ಪಳಿಸಿದ ಹುಳುವಿನದೋ, ಇಳಿಬಿಸಿಲಿನ ಪ್ರಖರತೆಯದೋ ಎಂದು ಸಾಫ್ಟ್‌ವೇರ್ ಊಹಿಸಬೇಕು. ಊಹೆ ತಪ್ಪಿದಾಗ ಒಣ ಗಾಜಿನ ಮೇಲೆ ವೈಪರ್ ಕಿರುಗುಟ್ಟುತ್ತದೆ, ಇಲ್ಲವೇ ತುಂತುರಿಗೆ ಕದಲದೆ ಕೂರುತ್ತದೆ. ಅಪಾರ ಸಂಖ್ಯೆಯ ಚಿತ್ರಗಳಿಂದ ಕಲಿಸಿದ ನ್ಯೂರಲ್ ನೆಟ್‌ವರ್ಕನ್ನು 2020ರ ಹೊತ್ತಿಗೆ ಅಳವಡಿಸಿದರು, ಮುಂದೆಯೂ ಹಲವು ಅಪ್‌ಡೇಟ್‌ಗಳು ಬಂದವು. ದೂರು ಕಡಿಮೆಯಾಗಿದೆ, ನಿಂತಿಲ್ಲ.

ವೈಪರಿನ ಬಿಡಿಭಾಗವೇ ಕೆಟ್ಟ ಉದಾಹರಣೆಯೂ ಉಂಟು. ಟೆಸ್ಲಾದ ಸೈಬರ್‌ಟ್ರಕ್‌ಗೆ ಒಂದೇ ಒಂದು ದೈತ್ಯ ವೈಪರ್. ಅದರ ಮೋಟಾರು ನಿಯಂತ್ರಕಕ್ಕೆ ಅತಿಯಾದ ವಿದ್ಯುತ್ ಪ್ರವಾಹ ಹರಿದು ಕೆಟ್ಟುಹೋಗಬಹುದೆಂಬ ಕಾರಣಕ್ಕೆ 2024ರ ಜೂನ್‌ನಲ್ಲಿ ಅಮೆರಿಕದಲ್ಲಿ 11,688 ವಾಹನಗಳನ್ನು ಹಿಂದಕ್ಕೆ ಕರೆಯಲಾಯಿತು. ಅದು ಸಾಫ್ಟ್‌ವೇರ್‌ನಿಂದ ವಾಸಿಯಾಗುವ ಕಾಯಿಲೆಯಾಗಿರಲಿಲ್ಲ, ಮೋಟಾರನ್ನೇ ಬದಲಿಸಬೇಕಾಯಿತು.

ನನ್ನ ಮಟ್ಟಿಗೆ ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಆಟೋ ವೈಪರ್ ಎಡವಿದಾಗ ಚಾಲಕನ ಕೈಗೆ ಏನು ಸಿಗುತ್ತದೆ ಎಂಬುದು. ಜರ್ಮನಿಯಲ್ಲಿ ಟೆಸ್ಲಾ ಚಾಲಕರೊಬ್ಬರು ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಟಚ್‌ಸ್ಕ್ರೀನ್‌ನತ್ತ ನೋಡಿದರು. ಕಾರು ರಸ್ತೆ ಬಿಟ್ಟು ಫಲಕಕ್ಕೂ ಮರಗಳಿಗೂ ಗುದ್ದಿತು. ಚಾಲನೆಯ ವೇಳೆ ಆ ಪರದೆಯನ್ನು ಹಾಗೆ ಬಳಸುವುದು ಮೊಬೈಲ್ ನೋಡಿದಷ್ಟೇ ನಿಯಮಬಾಹಿರ ಎಂದು ಕಾರ್ಲ್ಸ್‌ರೂಹೆಯ ಮೇಲಿನ ನ್ಯಾಯಾಲಯ 2020ರಲ್ಲಿ ಹೇಳಿತು. 200 ಯೂರೋ ದಂಡ, ಒಂದು ತಿಂಗಳು ಚಾಲನೆಗೆ ನಿಷೇಧ. ಶಿಕ್ಷೆ ಚಾಲಕನಿಗೆ ಸಿಕ್ಕಿತು, ವೈಪರಿನ ವೇಗವನ್ನು ಪರದೆಯ ಮೆನುವಿನೊಳಗೆ ಇಟ್ಟವರಿಗಲ್ಲ. ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ತನ್ನ ನಿಯಮ ಬಿಗಿಗೊಳಿಸಿದೆ. ಇಂಡಿಕೇಟರ್, ಹಾರ್ನ್, ವೈಪರ್ ಮುಂತಾದವಕ್ಕೆ ಕೈಗೆ ತಾಕುವ ಗುಂಡಿಯೋ ಕಡ್ಡಿಯೋ ಇಲ್ಲದ ಕಾರಿಗೆ ಅಂಕ ಕಡಿತ. ಇದು ತಡವಾಗಿ ಬಂದ ವಿವೇಕ, ಆದರೂ ಸ್ವಾಗತಾರ್ಹ.

2025ರ ಜುಲೈನಲ್ಲಿ ಟೆಸ್ಲಾ ಮುಂಬೈನಲ್ಲಿ ಮಳಿಗೆ ತೆರೆದಿದೆ. ನಮ್ಮ ಮುಂಗಾರಿಗೆ ಆ ಕಾರು ಒಡ್ಡಿಕೊಳ್ಳುವ ಕಾಲ ಬಂದಿದೆ. ಅದು ಯಾವ ಕಂಪನಿಯದೇ ಇರಲಿ, ಆಟೋ ವೈಪರಿನ ಕಾರಿದ್ದವರು ಕೆಲವು ಸಂಗತಿ ಗಮನಿಸಬೇಕು. ಕ್ಯಾಮೆರಾ ಅಥವಾ ಸೆನ್ಸರಿನ ಮುಂದಿನ ಗಾಜನ್ನು ಶುಚಿಯಾಗಿಡಿ. ಗಾಜು ಬದಲಿಸಿದ ಮೇಲೆ ತೊಂದರೆ ಶುರುವಾದರೆ ಸೆನ್ಸರಿನ ಅಂಟುಪದರದಲ್ಲಿ ಗಾಳಿಗುಳ್ಳೆ ಸೇರಿದೆಯೇ ಎಂದು ಕೇಳಿ. ಒಣ ಗಾಜಿನ ಮೇಲೆ ವೈಪರ್ ಓಡಲು ಬಿಡಬೇಡಿ, ದೂಳು ಉಜ್ಜಿ ಗಾಜಿಗೆ ಗೀರು ಬೀಳುತ್ತದೆ. ಕಾರು ತೊಳೆಸಲು ಹೋಗುವಾಗ ಆಟೋ ವೈಪರ್ ಆಫ್ ಮಾಡಿ. ಸಾಫ್ಟ್‌ವೇರ್ ಬದಲಾದಾಗ ಗುಂಡಿಗಳ ಕೆಲಸವೂ ಬದಲಾಗಬಹುದು, ಅದನ್ನು ಕಾರು ನಿಂತಿದ್ದಾಗ ಓದಿ ತಿಳಿದುಕೊಳ್ಳಿ.

ಕೊನೆಯದಾಗಿ, ಹೊಸ ಕಾರು ಕೊಳ್ಳುವ ಮುನ್ನ ಷೋರೂಮಿನಲ್ಲೇ ಕೂತು ಒಂದು ಪರೀಕ್ಷೆ ಮಾಡಿ: ಎದುರಿನ ಗಾಜಿನಿಂದ ಕಣ್ಣು ತೆಗೆಯದೆ ವೈಪರನ್ನು ಅತಿ ವೇಗಕ್ಕೆ ಏರಿಸಲು ಆಗುತ್ತದೆಯೇ? ಆಗದಿದ್ದರೆ ಆ ಕಾರು ನಮ್ಮ ಮಳೆಗಾಲಕ್ಕೆ ತಕ್ಕದ್ದಲ್ಲ.