ಆನೆ ಎಲ್ಲಿದೆ ಎಂಬ ಸುದ್ದಿ

ಆಲೂರು, ಬೇಲೂರು, ಸಕಲೇಶಪುರ ಸೀಮೆಯ ಕಾಫಿ ತೋಟಗಳೆಲ್ಲ ಆನೆಗಳು ಓಡಾಡುವ ದಾರಿಯಲ್ಲೇ ಇವೆ. 2014ರ ಆಸುಪಾಸಿನಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಬೇರೆ ಆನೆಗಳು ಬಂದವು. ಹಿಡಿಯುವುದರಿಂದ ಮುಗಿಯುವುದಿಲ್ಲ ಎಂದು ಗೊತ್ತಾದ ಮೇಲೆ ಬೆಳೆಗಾರರು ಸೋಲಾರ್ ಬೇಲಿ ಹಾಕಿಸಿದರು. ನಮ್ಮ ತೋಟಕ್ಕೂ ಅದು ಬಂತು.

ಈ ಬೇಲಿ ಕೊಲ್ಲುವಂಥದ್ದಲ್ಲ. 12 ವೋಲ್ಟಿನ ಬ್ಯಾಟರಿಯಿಂದ ಎನರ್ಜೈಸರ್ ಸಾವಿರಾರು ವೋಲ್ಟಿನ ಮಿಡಿತವನ್ನು ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಬಿಡುತ್ತದೆ. ಮುಟ್ಟಿದ ಪ್ರಾಣಿಗೆ ಜೋರಾಗಿ ಹೊಡೆಯುತ್ತದೆ, ಹಿಂದೆ ಸರಿಯಲು ಪುರುಸೊತ್ತೂ ಸಿಗುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಹುಲ್ಲು, ಬಳ್ಳಿ ಬೆಳೆದು ಕೆಳಗಿನ ತಂತಿಗೆ ತಾಗಿದರೆ ಕರೆಂಟೆಲ್ಲ ಭೂಮಿಗೆ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗುವುದರಿಂದ ಅರ್ಥಿಂಗ್ ಸರಳಿನ ಬುಡಕ್ಕೆ ನೀರು ಹಾಕಬೇಕು. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಎಂಬುದನ್ನು ಸಲಗಗಳು ಕಂಡುಕೊಂಡಿವೆ. ಮರ ಕೆಡವಿ ಬೇಲಿಯನ್ನು ಮಲಗಿಸುವ ಆನೆಗಳೂ ಇವೆ. ಕಂಬ ಒದೆಯಲು ಸಿಗದಂತೆ ತಂತಿಗಳನ್ನು ಮೇಲಿನಿಂದ ಇಳಿಬಿಡುವ ತೂಗುಬೇಲಿ ಹುಟ್ಟಿದ್ದು ಇದೇ ಕಾರಣಕ್ಕೆ.

ಆನೆಯನ್ನು ಹೆದರಿಸುವ ಸದ್ದು, ಬೆಳಕಿನ ಯಂತ್ರಗಳು ಬೇಗ ಹಳತಾಗುತ್ತವೆ. ಅಪಾಯವಿಲ್ಲವೆಂದು ತಿಳಿದ ಆನೆ ಅವುಗಳ ಪಕ್ಕದಲ್ಲೇ ಹಲಸು ತಿನ್ನುತ್ತದೆ.

ಜೇನಿನ ಕಥೆ ಬೇರೆ. ಕೀನ್ಯಾದ ತ್ಸಾವೊ ಬಳಿಯ ಹೊಲಗಳಲ್ಲಿ ಸಂಶೋಧಕಿ ಲೂಸಿ ಕಿಂಗ್ ಮತ್ತು ಸಂಗಡಿಗರು ಕಟ್ಟಿಸಿದ ಜೇನುಪೆಟ್ಟಿಗೆ ಬೇಲಿಗಳು, ಬೆಳೆಯ ಹಂಗಾಮಿನಲ್ಲಿ ಹತ್ತಿರ ಬಂದ ಆನೆಗಳಲ್ಲಿ ಶೇ. 86ರವರೆಗೆ ಹಿಂದಿರುಗಿಸಿವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನ ನಾಗರಹೊಳೆ ಅಂಚಿನಲ್ಲಿ ಇಂಥದ್ದೇ ಯೋಜನೆ ಆರಂಭಿಸಿತು. ನಮ್ಮ ತುಡುವೆ ಜೇನು ಆಫ್ರಿಕಾದ ಜೇನಿನಷ್ಟು ಉಗ್ರವಲ್ಲ, ಅಷ್ಟೇ ಫಲ ನಿರೀಕ್ಷಿಸಲಾಗದು.

ಇವೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಮೊಬೈಲು. ತಮಿಳುನಾಡಿನ ವಾಲ್ಪಾರೈಯಲ್ಲಿ ಆನಂದ ಕುಮಾರ್ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎಸ್ಸೆಮ್ಮೆಸ್ ಮತ್ತು ಕೆಂಪು ದೀಪಗಳ ಮೂಲಕ ಆನೆಯಿರುವ ಜಾಗ ತಿಳಿಸತೊಡಗಿದರು. ಅಲ್ಲಿ ಸತ್ತವರಲ್ಲಿ ಬಹುಪಾಲು ಜನರಿಗೆ ಎದುರಿಗೆ ಆನೆಯಿದೆ ಎಂಬುದೇ ಗೊತ್ತಿರಲಿಲ್ಲ. ನಮ್ಮ ಹಾಸನ ಜಿಲ್ಲೆಗೂ ಅದೇ ವ್ಯವಸ್ಥೆ ಬಂತು. ರೇಡಿಯೊ ಕಾಲರ್ ತೊಡಿಸಿದ ಆನೆಗಳಿಂದಲೂ ಸುಳಿವು ಸಿಗುತ್ತದೆ. "ಇವತ್ತು ಆ ಕಡೆ ಹೋಗಬೇಡ್ರಮ್ಮ, ಗುಂಪು ಅಲ್ಲೇ ಐತಂತೆ" ಎಂದು ಬೆಳಿಗ್ಗೆಯೇ ಹೇಳಿಬಿಟ್ಟರೆ ಕಾಫಿ ಕೊಯ್ಯುವ ಹೆಂಗಸರು ಬೇರೆ ತಾಕಿಗೆ ಹೋಗುತ್ತಾರೆ. ಕೊಯಮತ್ತೂರಿನ ಮದುಕ್ಕರೈಯಲ್ಲಿ 2024ರಿಂದ 12 ಗೋಪುರಗಳ ಕ್ಯಾಮೆರಾಗಳು ರೈಲು ಹಳಿಯತ್ತ ಬರುವ ಆನೆಯನ್ನು ಗುರುತಿಸಿ ಎಚ್ಚರಿಸುತ್ತಿವೆ.

ಬೇಲಿ ಹಾಕಿಸುವವರು ಹುಲ್ಲು ಸವರುವ ಆಳಿನ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಏನೇ ಆಗಲಿ, ಮನೆ ಲೈನಿನ 230 ವೋಲ್ಟನ್ನು ಮಾತ್ರ ನೇರವಾಗಿ ತಂತಿಗೆ ಕೊಡಬೇಡಿ. ಅದು ಆನೆಯನ್ನೂ ಕೊಲ್ಲುತ್ತದೆ, ಪಕ್ಕದ ತೋಟದವನನ್ನೂ ಕೊಲ್ಲುತ್ತದೆ.