ಕಳ್ಳನಿಗೆ ಚಪ್ಪಾಳೆ, ಸದಾರಮೆಗೆ ಏನು?

ಸುಗ್ಗಿ ಮುಗಿದು ಜಾತ್ರೆ, ಪರಿಷೆಗಳು ಶುರುವಾದವೆಂದರೆ ಸಿದ್ದರಬೆಟ್ಟದ ಸುತ್ತಲ ಸೀಮೆಗೆ ನಾಟಕದ ಕಾಲ ಬಂತೆಂದೇ ಅರ್ಥ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಹಳ್ಳಿಗಳಲ್ಲಿ ಕುರುಕ್ಷೇತ್ರಕ್ಕೂ ರಾಮಾಯಣಕ್ಕೂ ಇರುವ ಗೌರವ ದೊಡ್ಡದು. ಆದರೆ ಜನ ಮನಸ್ಸು ಬಿಚ್ಚಿ ನಗುವುದು ಸದಾರಮೆಯಂಥ ನಾಟಕಕ್ಕೆ. ಈ ನಾಟಕಗಳನ್ನು ನೋಡುತ್ತ, ಅವುಗಳ ತಾಲೀಮಿನ ಬಳಿ ಕೂರುತ್ತ ನಾನು ಕಲಿತದ್ದನ್ನು ಇಲ್ಲಿ ಹೇಳಬೇಕೆನಿಸಿದೆ. ನಮ್ಮ ಹಳೆಯ ಹಾಸ್ಯ ನಾಟಕಗಳಲ್ಲಿ ಗಂಡು ಹೆಣ್ಣಿನ ಪ್ರೀತಿ ಎಂದೂ ಸಲೀಸಾಗಿಲ್ಲ. ಅದರೊಳಗೆ ಬೆಲೆ ಕಟ್ಟುವುದಿದೆ, ಅಪಹರಣವಿದೆ, ಹಟವಿದೆ, ಮಣಿಸುವುದಿದೆ. ಈ ಇರುಸುಮುರುಸನ್ನು ನಾಟಕದ ದೋಷವೆಂದು ಕತ್ತರಿಸುವುದೂ ತಪ್ಪು, ತಮಾಷೆಯೆಂದು ತೇಲಿಸಿಬಿಡುವುದೂ ತಪ್ಪು. ಗಂಡಸು ಹೀಗೆ, ಹೆಂಗಸು ಹೀಗೆ ಎಂಬ ಕಟ್ಟಳೆಯನ್ನು ಮನುಷ್ಯರೇ ತೊಟ್ಟುಕೊಂಡ ವೇಷವೆಂದು ಕಾಣಿಸುವ ಶಕ್ತಿ ಈ ನಾಟಕಗಳಿಗೆ ಇದೆ. ಆ ಶಕ್ತಿ ಉಳಿಯುವುದೂ ಸಾಯುವುದೂ ನಾಟಕದ ಪುಸ್ತಕದಲ್ಲಿ ಅಲ್ಲ, ಆಡುವವರ ಕೈಯಲ್ಲಿ.

ಸದಾರಮೆ ನಮ್ಮ ಜಿಲ್ಲೆಯದೇ ಆಸ್ತಿ ಎನ್ನಬಹುದು. ತುಮಕೂರಿನ ಹತ್ತಿರದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳ ಹೆಸರು ಈ ನಾಟಕದ ಜೊತೆ ಸೇರಿಕೊಂಡಿದೆ. ಅದನ್ನು ಮನೆಮಾತಾಗಿಸಿದ್ದು 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ. ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಪಡೆದ ಹೆಸರು ಎಷ್ಟು ದೊಡ್ಡದೆಂದರೆ, ಅವರು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೂ ಆ ಪಾತ್ರವನ್ನು ಅವರ ಹೆಸರಿಲ್ಲದೆ ನೆನೆಯಲಾಗದು. ಕಥೆ ಎಲ್ಲರಿಗೂ ಗೊತ್ತಿರುವಂಥದು. ರಾಜಕುಮಾರ ಜಯವೀರ ಸದಾರಮೆಯನ್ನು ಕಂಡು ಮೋಹಿಸುತ್ತಾನೆ. ಹೆಣ್ಣು ಕೊಡಬೇಕಾದರೆ ರಾಜ್ಯವನ್ನೇ ಬರೆದುಕೊಡು ಎಂದು ಅವಳ ತವರಿನ ಲೋಭಿಗಳು ಕೂರುತ್ತಾರೆ, ಅವನು ಬರೆದುಕೊಡುತ್ತಾನೆ. ಆಮೇಲೆ ಬರುವುದೆಲ್ಲ ಕಷ್ಟ: ಊರು ಬಿಡುವುದು, ಅಗಲಿಕೆ, ಪರರಾಜನ ಕಣ್ಣು, ಕಳ್ಳ ಹೊತ್ತೊಯ್ಯುವುದು. ಈ ಎಲ್ಲ ಕಂಟಕಗಳಿಂದ ದಾರಿ ಕಂಡುಕೊಳ್ಳುವವಳು ಸದಾರಮೆ ಒಬ್ಬಳೇ. ಕೊನೆಗೆ ಗಂಡುವೇಷ ತೊಟ್ಟು ತನ್ನ ಸಂಸಾರವನ್ನು ಮತ್ತೆ ಕೂಡಿಸಿಕೊಳ್ಳುತ್ತಾಳೆ. ಇಡೀ ನಾಟಕದಲ್ಲಿ ಗಂಡಸರು ಕೊಡುತ್ತಾರೆ, ಕೊಳ್ಳುತ್ತಾರೆ, ಕದಿಯುತ್ತಾರೆ. ಯೋಚನೆ ಮಾಡುವ ಕೆಲಸ ಮಾತ್ರ ಹೆಣ್ಣಿನ ಪಾಲಿಗೆ ಬರುತ್ತದೆ.

ಮೊದಲಿಗೆ, ರಾಜ್ಯ ಬರೆದುಕೊಡುವ ದೃಶ್ಯದಲ್ಲೇ ಈ ಪ್ರೇಮದ ಇರುಸುಮುರುಸು ಇದೆ. ಪ್ರೀತಿಗಾಗಿ ರಾಜ್ಯ ತ್ಯಾಗ ಮಾಡಿದ ರಾಜಕುಮಾರ ಎಂದು ನಾವು ಹಾಡಿ ಹೊಗಳುತ್ತೇವೆ. ಆದರೆ ಆ ವ್ಯವಹಾರದಲ್ಲಿ ಸದಾರಮೆ ಮಾರಾಟಕ್ಕಿಟ್ಟ ವಸ್ತು. ಹೆಣ್ಣಿಗೆ ತೆರ ಕೊಟ್ಟು ತರುವ ಪದ್ಧತಿ ನಮ್ಮ ಕಡೆಯ ಹಲವು ಸಮುದಾಯಗಳಲ್ಲಿ ಬಹುಕಾಲ ಇತ್ತು. ಈಗ ಅದು ತಿರುವುಮುರುವಾಗಿ ವರದಕ್ಷಿಣೆಯಾಗಿದೆ. ಎರಡರಲ್ಲೂ ಲೆಕ್ಕ ಮಾತಾಡುವವರು ಹಿರಿಯ ಗಂಡಸರು. ಬಂಗಾರದ ಆಸೆಗೆ ಬಾಯಿ ಬಿಡುವ ತವರಿನವರನ್ನು ನೋಡಿ ಜನ ನಗುವಾಗ ಆ ನಗು ಸರಿಯಾದ ಕಡೆಗೇ ಹೋಗುತ್ತದೆ, ಲೋಭಕ್ಕೆ ನಗುತ್ತೇವೆ. ಆದರೆ ಅದೇ ಹೊತ್ತಿನಲ್ಲಿ ಸದಾರಮೆ ಎಲ್ಲಿ ನಿಂತಿದ್ದಾಳೆ, ಯಾರ ಮುಖ ನೋಡುತ್ತಿದ್ದಾಳೆ ಎಂಬುದನ್ನು ನಿರ್ದೇಶಕ ಯೋಚಿಸಿರಬೇಕು. ಅವಳನ್ನು ಸೀನರಿಯ ಪಕ್ಕ ತಲೆ ತಗ್ಗಿಸಿ ನಿಲ್ಲಿಸಿಬಿಟ್ಟರೆ, ಮುಂದಿನ ಮೂರು ತಾಸು ಅವಳು ತೋರುವ ಜಾಣ್ಮೆ ಎಲ್ಲಿಂದಲೋ ಉದುರಿದಂತೆ ಕಾಣುತ್ತದೆ. ತನ್ನನ್ನು ಮಾರುವುದನ್ನು ಕಣ್ಣಾರೆ ಕಂಡವಳು ಮುಂದೆ ಯಾರ ಮಾತನ್ನೂ ಸುಮ್ಮನೆ ನಂಬಳು ಎಂಬುದು ಅಲ್ಲೇ ಬೇರು ಬಿಡಬೇಕು.

ಎರಡನೆಯದು ಕಳ್ಳನ ದೃಶ್ಯ. ನಮ್ಮಲ್ಲಿ ಹೆಚ್ಚು ಚಪ್ಪಾಳೆ, ಹೆಚ್ಚು ಒನ್ಸ್ ಮೋರ್ ಬೀಳುವುದು ಇಲ್ಲಿಗೇ. ಹೆಣ್ಣನ್ನು ಹೊತ್ತು ತಂದವನು ತಾನು ಮದುಮಗನೆಂದುಕೊಂಡು ಕುಣಿಯುತ್ತಾನೆ. ಅವಳು ನಯವಾಗಿ ಮಾತಾಡಿ, ಅವನು ಬಯಸಿದ ವಿಧೇಯ ಹೆಂಡತಿಯಂತೆಯೇ ನಟಿಸಿ, ಕೈ ತಪ್ಪಿಸಿಕೊಳ್ಳುತ್ತಾಳೆ. ಒಬ್ಬಂಟಿ ಹೆಣ್ಣಿಗೆ ಕಾಡಿನ ದಾರಿಯಲ್ಲಿ ಇದಕ್ಕಿಂತ ಭಯದ ಗಳಿಗೆ ಇಲ್ಲ. ಅಂಥ ಗಳಿಗೆಯನ್ನು ಹಾಸ್ಯವಾಗಿಸಬಹುದೇ? ಆಗಿಸಬಹುದು, ಒಂದು ಷರತ್ತಿನ ಮೇಲೆ. ನಗು ಕಳ್ಳನ ಹೆಮ್ಮೆಯಿಂದ ಹುಟ್ಟಬೇಕು. ಅವಳ ಭಯದಿಂದ ಹುಟ್ಟಬಾರದು. ಅವಳು ತೋರುವ ವಿನಯವನ್ನು ಅವನು ನಿಜವೆಂದು ನಂಬುತ್ತಾನೆ, ನಾವು ನಂಬುವುದಿಲ್ಲ. ವಿಧೇಯತೆ ಹೆಣ್ಣಿನ ಹುಟ್ಟುಗುಣವಲ್ಲ, ಬೇಕಾದಾಗ ತೊಟ್ಟು ಬೇಡವಾದಾಗ ಕಳಚಬಹುದಾದ ನಟನೆ ಎಂದು ನಾಟಕ ಇಲ್ಲಿ ನೇರವಾಗಿ ತೋರಿಸಿಬಿಡುತ್ತದೆ. ಆದರೆ ನಟಿಗೆ ಮಾತಾಡಲು ಸಮಯವನ್ನೇ ಕೊಡದೆ, ಕಳ್ಳನ ಪಾತ್ರಧಾರಿ ತನ್ನ ಚೇಷ್ಟೆಗಳನ್ನೇ ಬೆಳೆಸುತ್ತ ಹೋದರೆ, ಅದೇ ದೃಶ್ಯ ಬೇರೆಯಾಗುತ್ತದೆ: ಅವಳು ಕಾಡಿಸಿಕೊಳ್ಳುವ ಗೊಂಬೆ, ಅವನು ಕಾಡುವ ರಸಿಕ. ಮಾತು ಒಂದೂ ಬದಲಾಗದೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ.

ಪಾತ್ರ ಯಾರು ಮಾಡುತ್ತಾರೆ ಎಂಬುದರ ಮೇಲೂ ಅರ್ಥ ತಿರುಗುತ್ತದೆ ಎನ್ನುವುದಕ್ಕೆ ನಮ್ಮ ರಂಗಭೂಮಿಯ ಚರಿತ್ರೆಯೇ ಸಾಕ್ಷಿ. ಕಂಪನಿಗಳ ಆರಂಭದ ದಿನಗಳಲ್ಲಿ ಹೆಣ್ಣುವೇಷ ಕಟ್ಟುತ್ತಿದ್ದವರು ಗಂಡಸರು. ಆಗ ಸದಾರಮೆಯ ಗಂಡುವೇಷದ ದೃಶ್ಯವೆಂದರೆ, ಹೆಣ್ಣಾಗಿ ನಟಿಸುತ್ತಿರುವ ಗಂಡಸು ಗಂಡಸಾಗಿ ನಟಿಸುವುದು. ಷೇಕ್ಸ್‌ಪಿಯರನ ಲಂಡನ್ನಿನಲ್ಲೂ ಹುಡುಗರೇ ಹೆಣ್ಣುಪಾತ್ರ ಮಾಡುತ್ತಿದ್ದುದರಿಂದ ಗಂಡುವೇಷ ತೊಡುವ ಅವನ ನಾಯಕಿಯರಾದ ವಯೋಲಾಗೂ ರೋಸಲಿಂಡಳಿಗೂ ಇದೇ ಮೂರು ಪದರ ಇತ್ತು. ಮುಂದೆ ಗುಬ್ಬಿ ಕಂಪನಿ ಬಿ. ಜಯಮ್ಮನವರಂಥ ಕಲಾವಿದೆಯರನ್ನು ರಂಗಕ್ಕೆ ತಂದಿತು. ಹೆಣ್ಣಿನ ಜಾಣ್ಮೆಯನ್ನು ಹೆಣ್ಣೇ ಆಡಿ ತೋರಿಸಿದಾಗ ಅದು ಬರೀ ಕೈಚಳಕವಾಗಿ ಉಳಿಯದೆ ಅನುಭವವಾಯಿತು. ಗುಬ್ಬಿ ಕಂಪನಿಯಲ್ಲೂ ದುಡಿದಿದ್ದ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರೇ ತುಂಬಿದ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣರಂಥ ಪಾತ್ರಗಳನ್ನು ತಾವೇ ಮಾಡಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ಸ್ಪಂದನ ತಂಡದ ಸದಾರಮೆಯಲ್ಲಿ, ತಾತನ ಕಳ್ಳನ ಪಾತ್ರವನ್ನೇ ತಮ್ಮದಾಗಿಸಿಕೊಂಡರು. ಕಳ್ಳನನ್ನು ಹೆಣ್ಣು ಆಡಿದಾಗ ಅಪಹರಣದ ಬೆದರಿಕೆ ಹಿಂದೆ ಸರಿದು, ಗಂಡಸಿನ ಮೀಸೆಯ ಜಂಬ ಎಷ್ಟು ತೆಳುವಾದದ್ದು ಎಂಬುದೇ ಮುಂದೆ ನಿಲ್ಲುತ್ತದೆ. ಆ ಜಂಬವನ್ನು ಮನೆಯಲ್ಲಿ ದಿನವೂ ನೋಡಿದವರಷ್ಟು ಚೆನ್ನಾಗಿ ಇನ್ನಾರು ಆಡಬಲ್ಲರು?

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಹಾಸ್ಯವಿದೆ: ಗಟ್ಟಿ ಬಾಯಿಯ ಹೆಣ್ಣನ್ನು ಗಂಡ ಪಳಗಿಸುವುದು. ಷೇಕ್ಸ್‌ಪಿಯರ್ 1590ರ ದಶಕದ ಆಸುಪಾಸಿನಲ್ಲಿ ಬರೆದ ದಿ ಟೇಮಿಂಗ್ ಆಫ್ ದ ಶ್ರೂ ಇದಕ್ಕೆ ಪ್ರಸಿದ್ಧ ಉದಾಹರಣೆ. ಪರ್ವತವಾಣಿ ಅದನ್ನು ಬಹದ್ದೂರ್ ಗಂಡ ಎಂದು ಕನ್ನಡಕ್ಕೆ ತಂದರು. 1989ರಲ್ಲಿ ಅದೇ ನಂಜುಂಡಿ ಕಲ್ಯಾಣ ಸಿನಿಮಾ ಆಯಿತು. ಮೂಲದಲ್ಲಿ ಗಂಡ ಹೆಂಡತಿಗೆ ಊಟ ಕೊಡುವುದಿಲ್ಲ, ನಿದ್ದೆ ಮಾಡಗೊಡುವುದಿಲ್ಲ. ಕೊನೆಗೆ ಅವಳು ನಡುಹಗಲಿನ ಸೂರ್ಯನನ್ನು ಚಂದ್ರನೆಂದು ಒಪ್ಪಿಕೊಳ್ಳುವವರೆಗೂ ಬಿಡುವುದಿಲ್ಲ. ಸದಾರಮೆಯಲ್ಲಿ ನಗು ಗಂಡಸಿನ ಜಂಬದಿಂದ ಹುಟ್ಟಿದರೆ ಇಲ್ಲಿ ಹೆಣ್ಣಿನ ಹಸಿವಿನಿಂದ ಹುಟ್ಟುತ್ತದೆ. ನಮ್ಮ ಸೀಮೆ ಬರ ಕಂಡ ಸೀಮೆ. ಪಾವಗಡ, ಮಧುಗಿರಿಯ ಹೆಂಗಸರಿಗೆ ಹಸಿವು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಅನ್ನ ತಡೆದು ಕಲಿಸಿದ ಒಲವನ್ನು ಒಲವೆಂದು ಒಪ್ಪುವುದು ನನ್ನಿಂದ ಸಾಧ್ಯವಿಲ್ಲ. ಆದರೂ ಗಮನಿಸಬೇಕಾದ್ದು ಒಂದಿದೆ. ನಂಜುಂಡಿ ಕಲ್ಯಾಣದಿಂದ ಜನ ಎತ್ತಿ ಮೆರೆಸಿದ್ದು ಪಳಗಿದ ಸೊಸೆಯನ್ನಲ್ಲ, ಅಬ್ಬರಿಸುವ ನಾಯಕಿ ಮಾಲಾಶ್ರೀಯನ್ನು. ಮುಂದೆ ಅವರು ಹೊಡೆದಾಟದ ಚಿತ್ರಗಳ ನಾಯಕಿಯಾದರು, ಜನ ಅದಕ್ಕೂ ಬಂದರು. ಕಥೆ ಹೇಳಿದ ನೀತಿ ಒಂದು, ಪ್ರೇಕ್ಷಕರು ಮನೆಗೆ ಕೊಂಡೊಯ್ದ ಹೆಣ್ಣು ಇನ್ನೊಂದು.

ಹಳೆಯ ನಾಟಕಗಳನ್ನು ಅವುಗಳ ಕಾಲದಿಂದಲೇ ಅಳೆಯಬೇಕು, ಇಂದಿನ ತಕ್ಕಡಿ ತರಬಾರದು ಎಂಬ ಆಕ್ಷೇಪ ಇದೆ. ಮೇಲುನೋಟಕ್ಕೆ ಇದು ನ್ಯಾಯದ ಮಾತು. ಆದರೆ ಆ ಕಾಲದವರೆಲ್ಲ ಒಂದೇ ದನಿಯಲ್ಲಿ ಮಾತಾಡಿದ್ದರೆ ತಾನೆ? ಷೇಕ್ಸ್‌ಪಿಯರ್ ಇನ್ನೂ ಬದುಕಿದ್ದಾಗಲೇ ನಾಟಕಕಾರ ಜಾನ್ ಫ್ಲೆಚರ್ ಆ ಪಳಗಿಸುವ ಕಥೆಯನ್ನು ಮುಂದುವರಿಸಿ, ಪಳಗಿಸಿದವನನ್ನೇ ಎರಡನೆಯ ಹೆಂಡತಿ ಪಳಗಿಸುವ ನಾಟಕ ಬರೆದ. ನಮ್ಮಲ್ಲಿ ಎಂ. ಎಲ್. ಶ್ರೀಕಂಠೇಶಗೌಡರು ಎ ಮಿಡ್‌ಸಮರ್ ನೈಟ್ಸ್ ಡ್ರೀಮ್ ನಾಟಕವನ್ನು ರೂಪಾಂತರಿಸುವಾಗ ಆರಿಸಿಕೊಂಡ ಹೆಸರು ಪ್ರಮೀಳಾರ್ಜುನೀಯ. ಮೂಲದ ರಾಜ ತನ್ನ ರಾಣಿಯನ್ನು ಕತ್ತಿಯಿಂದ ಗೆದ್ದವನು. ನಮ್ಮ ಜೈಮಿನಿ ಭಾರತದ ಪ್ರಮೀಳೆಯೋ ಹೆಣ್ಣುರಾಜ್ಯದ ಒಡತಿ, ಅಶ್ವಮೇಧದ ಕುದುರೆ ಕಟ್ಟಿ ಅರ್ಜುನನಿಗೇ ಮದುವೆಯ ಷರತ್ತು ಹಾಕಿದವಳು. ಗಂಡು ಹೆಣ್ಣಿನ ಸ್ಥಾನ ಎಲ್ಲಿ ಎಂಬ ಜಗಳ ಆ ಕಾಲದ ನಾಟಕಗಳ ಒಳಗೇ ಇತ್ತು. ನಾವು ಹೊರಗಿನಿಂದ ತಂದು ಹೇರುತ್ತಿಲ್ಲ.

ಹೆಚ್ಚು ಗಟ್ಟಿಯಾದ ಆಕ್ಷೇಪ ಇನ್ನೊಂದು. ಸದಾರಮೆಯ ಜಾಣ್ಮೆಯೆಲ್ಲ ಕೊನೆಗೆ ಪಾತಿವ್ರತ್ಯದ ಕಾವಲಿಗೇ ತಾನೆ, ಅವಳು ಗೆದ್ದು ತಂದದ್ದೆಲ್ಲ ಗಂಡನ ಪಾದಕ್ಕೆ ಸೇರುತ್ತದಲ್ಲ, ಹಾಗಿದ್ದ ಮೇಲೆ ಅವಳಿಗೂ ಪಳಗಿಸಿಕೊಂಡವಳಿಗೂ ಏನು ವ್ಯತ್ಯಾಸ? ಇದನ್ನು ನಾನು ತಳ್ಳಿಹಾಕುವುದಿಲ್ಲ. ಮಂಗಳದ ಹಾಡಿನ ಹೊತ್ತಿಗೆ ಅವಳ ಗಂಡುವೇಷ ಕಳಚುತ್ತದೆ, ಸೆರಗು ಮರಳಿ ತಲೆಗೇರುತ್ತದೆ, ಕಟ್ಟಳೆ ಇದ್ದಲ್ಲಿಗೇ ಬರುತ್ತದೆ. ಆದರೆ ವ್ಯತ್ಯಾಸ ನಿಜವಾಗಿಯೂ ಇದೆ. ಪಳಗಿಸುವ ನಾಟಕದಲ್ಲಿ ಹೆಣ್ಣು ಬದಲಾಗುವುದು ತನ್ನ ಬುದ್ಧಿಯನ್ನು ಬಿಟ್ಟುಕೊಟ್ಟು. ಸದಾರಮೆಯಲ್ಲಿ ಅವಳ ಬುದ್ಧಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆ ಗಂಡ, ಆ ತವರು, ಆ ರಾಜ, ಆ ಕಳ್ಳ, ಯಾರೂ ತನಗಿಂತ ಹೆಚ್ಚು ತಿಳಿದವರಲ್ಲವೆಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಹಾಗೆ ಗೊತ್ತಿದ್ದೂ ಅವಳು ಮರಳುತ್ತಾಳೆ ಎಂಬುದೇ ಆ ಕೊನೆಯ ದೃಶ್ಯದ ನೋವು. ಅದನ್ನು ಗಡಿಬಿಡಿಯ ಮಂಗಳದಲ್ಲಿ ಮುಚ್ಚಿಹಾಕದೆ ಸಾವಧಾನವಾಗಿ ಆಡಿದರೆ, ನೋಡುವವರಲ್ಲಿ ಪ್ರಶ್ನೆ ಉಳಿಯುತ್ತದೆ.

ಇಂಥ ನಾಟಕ ಬೇಡವೇ ಬೇಡ, ನಿಲ್ಲಿಸಿಬಿಡಿ ಎನ್ನುವವರೂ ಇದ್ದಾರೆ. ಪಾವಗಡದ ಗಡಿಯಾಚೆ ಆಂಧ್ರದಲ್ಲಿ 2022ರ ಜನವರಿಯಲ್ಲಿ ಸರ್ಕಾರ ಚಿಂತಾಮಣಿ ನಾಟಕದ ಪ್ರದರ್ಶನ ನಿಷೇಧಿಸಿತು. ಅಲ್ಲಿನ ದೂರು ಆ ನಾಟಕದ ಸುಬ್ಬಿಶೆಟ್ಟಿ ಎಂಬ ಪಾತ್ರ ಒಂದು ಸಮುದಾಯವನ್ನು ಅವಮಾನಿಸುತ್ತದೆ ಎಂಬುದಾಗಿತ್ತು. ಚಿಂತಾಮಣಿ ಎಂಬ ಹೆಣ್ಣಿನ ಚಿತ್ರಣದ ಚರ್ಚೆಗೆ ಅದರಲ್ಲಿ ಮುಖ್ಯ ಜಾಗವಿರಲಿಲ್ಲ. ನಿಷೇಧ ಎಂದೂ ಹೀಗೆಯೇ: ದನಿ ಜೋರಾಗಿರುವವರ ಗಾಯಕ್ಕೆ ಮುಲಾಮು ಸಿಗುತ್ತದೆ, ರಂಗದ ಮೇಲಿನ ಹೆಣ್ಣಿನ ಪ್ರಶ್ನೆ ಹಾಗೇ ಉಳಿಯುತ್ತದೆ, ಆ ಪಾತ್ರ ಮಾಡಿ ಬದುಕುತ್ತಿದ್ದವರ ಕೂಲಿಯೂ ಹೋಗುತ್ತದೆ. ಹೆಂಗಸರೇ ಎಲ್ಲರಿಗಿಂತ ಹೆಚ್ಚು ನಗುತ್ತಾರಲ್ಲ, ನಿಮಗೇನು ತಕರಾರು ಎಂಬ ಮಾತಿಗೂ ಇಲ್ಲೇ ಉತ್ತರ ಹೇಳಬೇಕು. ಅವರು ನಗುತ್ತಾರೆ, ನಿಜ. ಬಲ್ಲ ಸಂಕಟವನ್ನು ಬೆಳಕಿನಲ್ಲಿ ಕಂಡಾಗ ನಗು ಬರುತ್ತದೆ. ಆ ನಗುವನ್ನು ಒಪ್ಪಿಗೆಯೆಂದು ಲೆಕ್ಕ ಹಿಡಿಯಬಾರದು.

ಹಾಗಾದರೆ ನಮ್ಮ ಊರುಗಳಲ್ಲಿ ಬದಲಾಗಬೇಕಾದ್ದು ಏನು? ನಮ್ಮ ಪದ್ಧತಿಯನ್ನೇ ನೋಡಿ. ರಾಜಪಾರ್ಟು, ಕಳ್ಳನ ಪಾರ್ಟು ಊರಿನ ಗಂಡಸರು ತಾವೇ ದುಡ್ಡು ಹಾಕಿ ಹಂಚಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಗೊತ್ತು ಮಾಡುತ್ತಾರೆ, ಅವರು ಬಹುತೇಕ ನಾಟಕದ ದಿನವೇ ಬರುತ್ತಾರೆ. ಆ ಕಲಾವಿದೆಗೆ ಪಾತ್ರ ಬಾಯಿಪಾಠ. ಅವಳ ನೆರವಿನಿಂದಲೇ ಎಷ್ಟೋ ನಾಯಕರು ದಡ ಸೇರುತ್ತಾರೆ. ಆದರೆ ತಿಂಗಳುಗಟ್ಟಲೆ ಹೆಣ್ಣಿಲ್ಲದೆ ಪ್ರೇಮದ ದೃಶ್ಯ ಕಲಿತವನು, ರಂಗದ ಮೇಲೂ ಹೆಣ್ಣಿನ ಕಡೆ ತಿರುಗದೆ ಮೈಕಿಗೆ ಹಾಡುತ್ತಾನೆ. ಅವನ ಪ್ರೀತಿ ಸಂವಾದವಾಗುವುದೇ ಇಲ್ಲ. ನಡುವೆ ನೆಂಟರು ರಂಗಕ್ಕೇರಿ ಅವನಿಗೆ ಹಾರ ಹಾಕುವಾಗ ಅವಳು ಪಕ್ಕಕ್ಕೆ ಸರಿದು ನಿಲ್ಲಬೇಕು. ನಾಟಕದ ಒಳಗಿನ ಅಸಮಾನತೆಯ ಬಗ್ಗೆ ವಾದಿಸುವ ಮೊದಲು ನಾಟಕ ಕಟ್ಟುವ ಈ ರೀತಿಯನ್ನು ತಿದ್ದಬೇಕು.

ತಾಲೀಮಿನ ಕೆಲವು ದಿನಗಳಿಗಾದರೂ ಕಲಾವಿದೆಯನ್ನು ತಕ್ಕ ಸಂಭಾವನೆ ಕೊಟ್ಟು ಕರೆಸಬೇಕು. ದೃಶ್ಯವನ್ನು ಹೇಗೆ ಆಡಬೇಕೆಂಬುದರಲ್ಲಿ ಅವರ ಮಾತಿಗೂ ಮೇಷ್ಟ್ರ ಮಾತಿನಷ್ಟೇ ತೂಕವಿರಬೇಕು. ಕಳ್ಳನ ಚೇಷ್ಟೆಗೆ ಒಂದು ಎಲ್ಲೆ ಹಾಕಿ, ಸದಾರಮೆಯ ಉತ್ತರಕ್ಕೆ ಸಮಯ ಬಿಡಬೇಕು. ಶಾಲೆಯಲ್ಲಿ ಹಾಡಿ ಕುಣಿಯುವ ನಮ್ಮೂರ ಹೆಣ್ಣುಮಕ್ಕಳಿಗೆ ಸದಾರಮೆಯ ಪಾರ್ಟನ್ನೂ, ಬೇಕೆಂದರೆ ಕಳ್ಳನ ಪಾರ್ಟನ್ನೂ ಕೊಡಬೇಕು. ಗುಬ್ಬಿಯ ಮನೆತನದಲ್ಲೇ ಆಗಿಹೋದದ್ದು ನಮ್ಮ ಹಳ್ಳಿಗೆ ಹೊಸ ಅಪಚಾರವೇನಲ್ಲ. ಇದಾವುದಕ್ಕೂ ನಾಟಕದ ಒಂದು ಸಾಲನ್ನೂ ತಿದ್ದಬೇಕಿಲ್ಲ. ಬೆಳಗಿನ ಜಾವದವರೆಗೆ ನೆಲದ ಮೇಲೆ ಕುಳಿತು ನಾಟಕ ನೋಡುವ ಹೆಂಗಸರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ತಮ್ಮಂಥವಳ ಬುದ್ಧಿಗೆ ಬೀಳುವ ಚಪ್ಪಾಳೆಯನ್ನು ಕೇಳುವ ಹಕ್ಕು ಅವರಿಗಿದೆ, ಅದನ್ನು ಸಲ್ಲಿಸುವ ಹೊಣೆ ನಾಟಕ ಆಡಿಸುವ ನಮ್ಮದು.