ಕಾಯಕದ ಕೈಯೂ ಗುರುತಿನ ಯಂತ್ರವೂ

ಕಾಯಕವೆಂಬ ಶಬ್ದದೊಳಗೆ ಕಾಯವೆಂಬುದು ಅಡಗಿದೆ. ಶರೀರ ದಣಿಯದೆ, ಕೈ ಸವೆಯದೆ ನಡೆಯುವ ಕಾಯಕವನ್ನು ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಮಂದಿ ಕಂಡವರಲ್ಲ. ನುಲಿಯ ಚಂದಯ್ಯಗಳು ಹುಲ್ಲು ಕೊಯ್ದು ಹಗ್ಗ ಹೊಸೆದರು; ಮಡಿವಾಳ ಮಾಚಯ್ಯಗಳು ಬಟ್ಟೆ ಒಗೆದರು; ಮೋಳಿಗೆಯ ಮಾರಯ್ಯಗಳು ಸೌದೆ ಹೊತ್ತರು; ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಇವರ ಬೆರಳುಗಳು ಹೇಗಿದ್ದಿರಬೇಕೆಂದು ನಾವು ಎಂದಾದರೂ ಯೋಚಿಸಿದ್ದುಂಟೆ? ಹುಲ್ಲಿನ ಅಲಗು ಸೀಳಿದ, ಚೌಳು ತಿಂದ, ಕೊಡಲಿಯ ಕಾವು ಉಜ್ಜಿದ ಬೆರಳುಗಳು ಅವು. ಈ ಸಲದ ಪಾಠದಲ್ಲಿ ಆ ಬೆರಳನ್ನೇ ಕುರಿತು ವಿಚಾರ ಮಾಡೋಣ. ಏಕೆಂದರೆ ನಮ್ಮ ಕಾಲದಲ್ಲಿ, ಬಂದವನು ಇಂಥವನೇ ಹೌದೆಂದು ಸಾಕ್ಷಿ ಹೇಳುವ ಭಾರವು ಬೆರಳಿನ ಮೇಲೆ ಬಿದ್ದಿದೆ.

ಧಾರವಾಡ ಸೀಮೆಯ ಒಂದು ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ ಒಮ್ಮೆ ಕಂಡುದನ್ನು ಹೇಳುತ್ತೇನೆ. ಎಪ್ಪತ್ತು ದಾಟಿದ ತಾಯಿಯೊಬ್ಬಳು ಅಕ್ಕಿಗಾಗಿ ಬಂದಿದ್ದಳು. ಹರೆಯದಿಂದಲೂ ಹತ್ತಿ ಬಿಡಿಸಿ, ಮೆಣಸಿನಕಾಯಿ ಬಿಡಿಸಿ, ಕಳೆ ಕಿತ್ತು ಬಾಳಿದವಳು. ಯಂತ್ರದ ಗಾಜಿನ ಮೇಲೆ ಹೆಬ್ಬೆರಳನ್ನಿಟ್ಟಳು; ಹೊಂದಲಿಲ್ಲ. ಸೀರೆಯ ಸೆರಗಿಗೆ ಒರೆಸಿ ಮತ್ತೆ ಇಟ್ಟಳು, ಹೊಂದಲಿಲ್ಲ. “ಯವ್ವಾ, ಇನ್ನೊಂದು ಬೆರಳು ಇಡು” ಎಂದನು ಅಂಗಡಿಯವನು. ಅವನಿಗೂ ಕನಿಕರವಿತ್ತು, ಅವನೇನೂ ಕೆಟ್ಟವನಲ್ಲ. “ಇನ್ನೆಷ್ಟು ಇಡಲೋ ಯಪ್ಪಾ, ಇದ್ದ ಹತ್ತೂ ಆದವು” ಎಂದಳು ಆಕೆ. ಸಾಲಿನಲ್ಲಿ ನಿಂತವರೆಲ್ಲ ಆಕೆಯನ್ನು ಬಲ್ಲವರು. ಆಕೆಯ ಹೆಸರು, ಮನೆ, ಸೊಸೆಯ ತವರು, ಎಲ್ಲವನ್ನೂ ಬಲ್ಲರು. ಆದರೆ ಅಷ್ಟು ಜನರ ಅರಿವು ಅಲ್ಲಿ ಸಾಕ್ಷಿಯಾಗಲಿಲ್ಲ.

ಈ ಯಂತ್ರದ ಹಿಂದಿರುವುದು ಆಧಾರ್ ವ್ಯವಸ್ಥೆ. 2009ರಲ್ಲಿ ಇದಕ್ಕಾಗಿ ಪ್ರಾಧಿಕಾರವೊಂದು ಸ್ಥಾಪಿತವಾಗಿ, 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ತೆಂಭಲಿಯೆಂಬ ಗ್ರಾಮದಲ್ಲಿ ಮೊದಲ ಸಂಖ್ಯೆಯನ್ನು ನೀಡಲಾಯಿತು. ಹತ್ತು ಬೆರಳುಗಳ ಗುರುತು, ಎರಡು ಕಣ್ಣುಪಾಪೆಗಳ ಚಿತ್ರ, ಮುಖದ ಭಾವಚಿತ್ರ ಇವುಗಳನ್ನು ಪಡೆದು, 12 ಅಂಕಿಗಳ ಸಂಖ್ಯೆಯೊಂದಕ್ಕೆ ಜೋಡಿಸಲಾಗಿದೆ. ಅಂಗಡಿಯಲ್ಲಿ ಬೆರಳಿಟ್ಟ ಕ್ಷಣದಲ್ಲಿ ಆ ಗುರುತು ದೂರದ ಭಂಡಾರಕ್ಕೆ ಹೋಗಿ, ಹಿಂದೆ ಕೊಟ್ಟ ಗುರುತಿನೊಡನೆ ಹೋಲಿಕೆಯಾಗಿ, ಹೌದು ಅಥವಾ ಅಲ್ಲ ಎಂಬ ಉತ್ತರವು ಹಿಂದಿರುಗುತ್ತದೆ. ಇಲ್ಲೊಂದು ವಿನೋದವುಂಟು. ನಮ್ಮ ಹಿರಿಯರ ಕಾಲದಲ್ಲಿ ಅಕ್ಷರ ಬಾರದವನನ್ನು ಹೆಬ್ಬೆಟ್ಟಿನವನೆಂದು ಹಳಿಯುತ್ತಿದ್ದರು. ಈಗ ಓದಿದವನೂ ಅಧಿಕಾರಿಯೂ ಹೆಬ್ಬೆಟ್ಟನ್ನೇ ಒತ್ತುತ್ತಾರೆ. ಒತ್ತಿದರೂ ಒಪ್ಪಿತವಾಗದೆ ಹಿಂದಿರುಗುವವನು ಮಾತ್ರ ಹೆಚ್ಚಾಗಿ ದುಡಿದು ಉಂಡವನೇ!

ಇದಕ್ಕೆ ಕಾರಣವು ಗೂಢವಾದುದಲ್ಲ. ಬೆರಳಿನ ತುದಿಯ ಸೂಕ್ಷ್ಮವಾದ ಏಣುಗೆರೆಗಳು ಮೇಲ್ಚರ್ಮದಲ್ಲಿ ಕಾಣುವವು. ಸುಣ್ಣ, ಸಿಮೆಂಟು, ಸೋಡಾ, ಕಲ್ಲು, ಅಡಿಕೆಯ ಸಿಪ್ಪೆ, ಇವುಗಳ ನಿತ್ಯದ ಉಜ್ಜಾಟದಿಂದ ಅವು ಮಾಸುತ್ತವೆ. ಮುಪ್ಪಿನಲ್ಲಿ ಚರ್ಮವು ಬಿಗಿ ತಪ್ಪಿ ಒಣಗುವುದರಿಂದ ಮತ್ತಷ್ಟು ಮಸುಕಾಗುತ್ತವೆ. ಗೆರೆಗಳ ಬೇರು ಒಳಚರ್ಮದಲ್ಲಿರುವ ಕಾರಣ, ಕೆಲವು ವಾರ ಕೈಗೆ ವಿಶ್ರಾಂತಿ ದೊರೆತರೆ ಸವೆದ ಗೆರೆಗಳು ಬಹುಮಟ್ಟಿಗೆ ಮರಳಿ ಮೂಡುವುದುಂಟು. ಆದರೆ ದಿನಗೂಲಿಯವನಿಗೆ ಕೈಗೆ ವಿಶ್ರಾಂತಿ ಕೊಡೆಂದು ಹೇಳುವವರು ಯಾರು? ಕೆಲಸ ಬಿಟ್ಟರೆ ಗುರುತು, ಗುರುತು ಬಿಟ್ಟರೆ ಕೆಲಸ ಎಂಬಂತಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಯಂತ್ರವನ್ನು ದೂಷಿಸಬಾರದು. ಹಿಂದಣ ಸ್ಥಿತಿಯನ್ನು ಮರೆತು ಮಾತನಾಡುವುದು ಅಪ್ರಾಮಾಣಿಕವಾದೀತು. ಬಡವನ ಪಾಲಿನ ಧಾನ್ಯವನ್ನು ಕೊಟ್ಟೆನೆಂದು ಪುಸ್ತಕದಲ್ಲಿ ಬರೆದು ಹಿಂಬಾಗಿಲಿನಿಂದ ಸಾಗಿಸುತ್ತಿದ್ದವರು ಇದ್ದರು. ಇಲ್ಲದ ಹೆಸರಿನ ಚೀಟಿಗಳಿದ್ದವು. ಅವರಿಗೆ ಯಂತ್ರವು ತಡೆಯೊಡ್ಡಿತು. ಊರು ಬಿಟ್ಟವರಿಗೂ ಇದರಿಂದ ಉಪಕಾರವಾಗಿದೆ. ಒಂದು ದೇಶ, ಒಂದು ಪಡಿತರ ಚೀಟಿ ಎಂಬ ಏರ್ಪಾಡು 2019ರ ಆಗಸ್ಟ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ತೊಡಗಿ, 2020ರ ಆರಂಭದಲ್ಲಿ ಕರ್ನಾಟಕವನ್ನೂ ಒಳಗೊಂಡಿತು. ಪುಣೆಯಲ್ಲಿ ಗಾರೆಕೆಲಸಕ್ಕಿರುವ ಕಲಬುರ್ಗಿಯ ಕುಟುಂಬವು ಈಗ ತನ್ನ ಪಾಲನ್ನು ಅಲ್ಲಿಯೇ ಕೇಳಬಹುದು. ಊರಿನವರು ಬಲ್ಲರೆಂಬ ಸಾಕ್ಷಿ ಪುಣೆಯಲ್ಲಿ ನಡೆಯದು. ಅಲ್ಲಿ ಬೆರಳೇ ಬಂಧು.

ಕೊರತೆಯು ಬೇರೊಂದು ಕಡೆಯಲ್ಲಿದೆ. ಆಯ್ದಕ್ಕಿ ಮಾರಯ್ಯಗಳು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮ ತಾಯಿಯವರು ಹಿಂದಿರುಗಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಲೆಕ್ಕವಿತ್ತು, ಲೆಕ್ಕ ಮಾಡುವ ಕಣ್ಣೂ ಇತ್ತು. ಹೆಚ್ಚಾದುದನ್ನು ಕಂಡ ಆ ಕಣ್ಣು ಕಡಿಮೆಯಾದುದನ್ನೂ ಕಾಣಬಲ್ಲುದು. ಯಂತ್ರವಾದರೋ ಎರಡು ಸಲ ಪಡೆಯಬಂದವನನ್ನು ಹಿಡಿಯುತ್ತದೆ. ಪಡೆಯದೆ ಹೋದವಳ ಸುದ್ದಿಯನ್ನು ಕೇಳುವುದಿಲ್ಲ. ತಿಂಗಳ ಕೊನೆಯಲ್ಲಿ ಅದು ಪಡೆಯದ ಪಾಲೆಂದು ಉಳಿಯುತ್ತದೆ. ಆ ತಾಯಿಯು ಬಾರದೆ ಉಳಿದಳೋ, ಬಂದು ಬರಿಗೈಯಲ್ಲಿ ಹೋದಳೋ ಎಂಬುದು ಆ ಅಂಕಿಯನ್ನು ನೋಡಿದವರಿಗೆ ತಿಳಿಯದು.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಇಳಿವಯಸ್ಸಿನಲ್ಲಿ, ಆಧಾರ್ ಕುರಿತು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2018ರ ಸೆಪ್ಟೆಂಬರ್ 26ರಂದು ಬಂದ ತೀರ್ಪಿನಲ್ಲಿ ಬಹುಮತದ ನ್ಯಾಯಾಧೀಶರು ಸರ್ಕಾರದ ನೆರವಿಗಾಗಿ ಆಧಾರ್ ಬಳಸುವುದನ್ನು ಎತ್ತಿಹಿಡಿದರು. ಗುರುತು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹನಾದವನು ವಂಚಿತನಾಗಬಾರದೆಂಬುದನ್ನೂ ಸ್ಪಷ್ಟಪಡಿಸಿದರು. ಓದುಬಲ್ಲ ಸದ್ಭಕ್ತರು ಇದನ್ನು ತಿಳಿದಿರುವುದು ಅವಶ್ಯ. ಅಂಗಡಿಯ ಕಟ್ಟೆಯ ಮೇಲೆ ನಿಂತು ಈ ಮಾತನ್ನು ಹೇಳಬಲ್ಲವರು ಊರಿಗೊಬ್ಬರಾದರೂ ಬೇಕು.

ಬೆರಳಿಗೆ ಬದಲಾಗಿ ಕಣ್ಣುಪಾಪೆಯನ್ನು ತೋರಿಸುವ ಮಾರ್ಗವುಂಟು, ಆ ಉಪಕರಣ ಇದ್ದಲ್ಲಿ. ಮೊಬೈಲಿಗೆ ಬರುವ ಆರು ಅಂಕಿಗಳ ಓಟಿಪಿಯ ಮಾರ್ಗವೂ ಉಂಟು. ಆದರೆ ನಮ್ಮ ಮುದುಕಿಯರ ಚೀಟಿಗೆ ಜೋಡಿಸಿದ ಮೊಬೈಲು ಹಲವು ವೇಳೆ ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿರುತ್ತದೆ. ಯಾರಿಗೂ ಹೇಳಬೇಡಿರೆಂದು ಎಚ್ಚರಿಸುವ ಆ ಅಂಕಿಗಳನ್ನೇ ಮಗನು ಕೂಗಿ ಹೇಳಬೇಕು, ಅಂಗಡಿಯವನು ಕೇಳಿ ಬರೆದುಕೊಳ್ಳಬೇಕು. ಆಧಾರ್ ಕೇಂದ್ರದಲ್ಲಿ ಬೆರಳಿನ ಗುರುತನ್ನು ಹೊಸದಾಗಿ ಕೊಡಲೂಬಹುದು. ಕೇಂದ್ರವು ತಾಲೂಕು ಸ್ಥಳದಲ್ಲಿದ್ದರೆ ಬಸ್ಸು ಹತ್ತಿಸಿ ಕರೆದೊಯ್ಯುವವರು ಬೇಕು. ಒಂದು ದಿನದ ಕೂಲಿಯೂ ಹೋಗುತ್ತದೆ. ದಾಸೋಹವೆಂದರೆ ಉಣಬಡಿಸುವುದಷ್ಟೇ ಎಂದು ತಿಳಿದ ನಮ್ಮಲ್ಲಿ ಕೆಲವರು ಈ ಬಸ್ಸಿನ ಪಯಣವನ್ನೂ ಅದರಲ್ಲಿ ಸೇರಿಸಿಕೊಂಡರೆ ಲೇಸು.

ಆ ದಿನ ಆ ತಾಯಿಗೆ ಅಕ್ಕಿ ದೊರೆಯಿತು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮನೆಯಿಂದ ಕೊಬ್ಬರಿ ಎಣ್ಣೆ ತಂದು, ಆಕೆಯ ಹತ್ತು ಬೆರಳಿಗೂ ಸವರಿ, ಒರೆಸಿ, ಒಂದೊಂದಾಗಿ ಗಾಜಿನ ಮೇಲೆ ಒತ್ತಿ ಹಿಡಿದಳು. ಕೊನೆಗೆ ಹೊಂದಿದುದು ಎಡಗೈಯ ಉಂಗುರಬೆರಳು. ಆ ಬೆರಳಿಗೆ ಬಹುಶಃ ಕೆಲಸ ಕಡಿಮೆಯಿದ್ದಿತು. ಮುಂದಿನ ತಿಂಗಳು ಅದನ್ನೇ ಮೊದಲು ಇಡಬೇಕೆಂದು ಹುಡುಗಿಯು ಹೇಳಿದಳು. ಮರೆಯದಿರಲೆಂದು ಆ ಬೆರಳಿಗೆ ನೂಲೊಂದನ್ನು ಕಟ್ಟಿದಳು.